ತಿರುಪಿನ ಏತ

ನಮ್ಮಣ್ಣ ತೀರಿಕೊಂಡುದು 2011ರ ಮಾಗಿಯಲ್ಲಿ. ಹೃದಯ ನಿಂತು ಹೋದರು ಎಂದು ಹೇಳುವುದು ಸುಲಭ. ಕೊನೆಗೆ ಎಲ್ಲರೂ ಹೃದಯ ನಿಂತೇ ಹೋಗುವವರು. ಆದರೆ ಅವರ ಹೃದಯ ಒಮ್ಮೆಗೇ ನಿಲ್ಲಲಿಲ್ಲ. ಮೂರು ವರ್ಷ ಹಿಡಿದು, ಬೇಸಗೆಯ ಕೆರೆಯಂತೆ, ದಿನದಿನಕ್ಕೆ ಇಳಿಯುತ್ತ ಹೋಯಿತು. ಕಾಲಿಗೆ ನೀರು ತುಂಬುವುದು, ಮಲಗಿದರೆ ಉಸಿರು ಕಟ್ಟುವುದು, ಮೂರು ದಿಂಬಿಗೆ ಒರಗಿ ಕುಳಿತೇ ಬೆಳಗು ಮಾಡುವುದು—ಈ ವ್ಯಾಧಿಯನ್ನು ಮನೆಯಲ್ಲಿ ಕಂಡವರಿಗೆ ನಾನು ವಿವರಿಸಬೇಕಾದುದಿಲ್ಲ. ಕಾಣದವರಿಗೆ ವಿವರಿಸಿ ಪ್ರಯೋಜನವಿಲ್ಲ.

ಕೊನೆಯ ವರ್ಷದಲ್ಲಿ ಅವರನ್ನು ನೋಡುತ್ತಿದ್ದ ವೈದ್ಯರು ಒಂದು ಯಂತ್ರದ ಮಾತೆತ್ತಿದರು. ಗುಂಡಿಗೆಯ ತುದಿಗೆ ಒಂದು ಪಂಪನ್ನು ಜೋಡಿಸಿ, ಅಲ್ಲಿಂದ ರಕ್ತವನ್ನೆತ್ತಿ ಮಹಾಧಮನಿಗೆ ಹರಿಸುವುದುಂಟು. ಹೊರದೇಶಗಳಲ್ಲಿ ಬಳಕೆಗೆ ಬಂದಿದೆ. ಆದರೆ ಎದೆಯೆಲುಬನ್ನು ಉದ್ದಕ್ಕೆ ಸೀಳಬೇಕಾಗುತ್ತದೆ, ಎಂದರು. ಅಣ್ಣನಿಗೆ 1996ರಲ್ಲಿ ಬೈಪಾಸ್ ಶಸ್ತ್ರಕ್ರಿಯೆಯಾಗಿತ್ತು. ಅವರು ಅಂಗಿಯ ಗುಂಡಿಯ ಮೇಲೆ ಕೈಯಿಟ್ಟುಕೊಂಡು, “ಒಂದು ಸಲ ಸೀಳಿ ತಂತಿ ಬಿಗಿದ ಎದೆ ಕಣೋ ಇದು. ಎರಡನೆಯ ಸಲ ಬೇಡ” ಎಂದರು. ವೈದ್ಯರೂ ಒತ್ತಾಯ ಮಾಡಲಿಲ್ಲ. ಒಮ್ಮೆ ತೆರೆದ ಎದೆಯೊಳಗೆ ಗುಂಡಿಗೆಯೂ ಎಲುಬೂ ಒಂದಕ್ಕೊಂದು ಅಂಟಿಕೊಂಡಿರುತ್ತವೆ, ಮತ್ತೆ ಗರಗಸವಿಡುವಾಗ ಏನು ಹರಿಯುವುದೋ ಹೇಳಲಾಗದು, ಎಂದು ನನ್ನನ್ನು ಹೊರಗೆ ಕರೆದು ತಿಳಿಸಿದರು. ಬೆಲೆಯ ಮಾತನ್ನು ನಾನೇ ಕೇಳಿದೆ. ಮನೆಯನ್ನೂ ಎರಡೆಕರೆ ತೋಟವನ್ನೂ ಮಾರಿದರೂ ಸಾಲದಿದ್ದ ಮೊತ್ತ ಅದು. ಅದನ್ನು ಅಣ್ಣನಿಗೆ ಹೇಳುವ ಅಗತ್ಯ ಬೀಳಲಿಲ್ಲ.

ನಾನು ವೈದ್ಯನಲ್ಲ, ಮೂವತ್ತು ವರ್ಷ ಹೈಸ್ಕೂಲಿನಲ್ಲಿ ಚರಿತ್ರೆ ಹೇಳಿದವನು. ಚರಿತ್ರೆಯ ಮೇಷ್ಟರಿಗೆ ದುಃಖ ಬಂದಾಗಲೂ ಅವನು ಮೊದಲು ಕೇಳುವ ಪ್ರಶ್ನೆ “ಇದು ಯಾವಾಗಿನಿಂದ ಹೀಗೆ?” ಎಂಬುದು. ಗುಂಡಿಗೆಯನ್ನು ಮುಟ್ಟಬೇಕಾದರೆ ಎದೆಯನ್ನು ನಡುವೆ ಸೀಳಲೇಬೇಕೆಂಬ ನಿಯಮ ಯಾವಾಗ ಬಂತು, ಯಾರು ತಂದರು? ಅಣ್ಣ ಹೋದ ಮೇಲೆ ಹುಡುಕತೊಡಗಿದೆ. ಹುಡುಕಾಟ ನನ್ನನ್ನು, ನಾನು ಎಣಿಸದಿದ್ದ ಒಂದು ಸ್ಥಳಕ್ಕೆ, ಈಜಿಪ್ಟಿನ ನೈಲ್ ನದಿಯ ದಂಡೆಗೆ, ಒಮ್ಮೆಯಲ್ಲ, ಎರಡು ಸಲ ಕರೆದೊಯ್ದಿತು.

ಮೊದಲನೆಯದು 1897ರ ಮಾತು. ಕೈರೋ ನಗರದ ಕಸ್ರ್ ಎಲ್ ಐನಿ ಆಸ್ಪತ್ರೆಯಲ್ಲಿ ಹರ್ಬರ್ಟ್ ಮಿಲ್ಟನ್ ಎಂಬ ಶಸ್ತ್ರವೈದ್ಯನಿದ್ದ. ಎದೆಗೂಡಿನ ನಟ್ಟನಡುವೆ ಇರುವ ಅಂಗಗಳನ್ನು ತಲುಪಲು ಪಕ್ಕೆಲುಬುಗಳ ಸಂದಿಯಿಂದ ನುಸುಳುವುದಕ್ಕಿಂತ ಎದೆಯೆಲುಬನ್ನೇ ಮೇಲಿನಿಂದ ಕೆಳಕ್ಕೆ ಸೀಳಿ, ಎರಡು ಕದಗಳಂತೆ ತೆರೆಯುವುದು ಮೇಲೆಂದು ಅವನಿಗೆ ತೋರಿತು. ಶವದ ಮೇಲೆ ಅಭ್ಯಾಸ ಮಾಡಿ, ಬಳಿಕ ಜೀವಂತ ರೋಗಿಯ ಮೇಲೂ ನಡೆಸಿ, ಆ ವರ್ಷ ‘ಲ್ಯಾನ್ಸೆಟ್’ ಪತ್ರಿಕೆಯಲ್ಲಿ ಬರೆದ. ಓದಿದವರು ಓದಿದರು, ಮರೆತರು. ಗುಂಡಿಗೆಯನ್ನು ನಿಲ್ಲಿಸಿ ಕೆಲಸ ಮಾಡುವ ಉಪಾಯವೇ ಇಲ್ಲದ ಕಾಲದಲ್ಲಿ ಅಷ್ಟು ದೊಡ್ಡ ಬಾಗಿಲಿನಿಂದ ಆಗಬೇಕಾದುದೇನು?

ಆ ಉಪಾಯ ಬಂದುದು 1953ರ ಮೇ 6ರಂದು. ಫಿಲಡೆಲ್ಫಿಯಾದಲ್ಲಿ ಜಾನ್ ಗಿಬ್ಬನ್ ಹದಿನೆಂಟು ವರ್ಷದ ಒಬ್ಬ ಹುಡುಗಿಯ ಹೃದಯದಲ್ಲಿದ್ದ ರಂಧ್ರವನ್ನು ಮುಚ್ಚಿದಾಗ, ರಕ್ತಕ್ಕೆ ಪ್ರಾಣವಾಯು ಬೆರೆಸಿ ಮೈಗೆಲ್ಲ ಹರಿಸುವ ಕೆಲಸವನ್ನು ಒಂದು ಯಂತ್ರ ಮಾಡಿತು. ಆ ಯಂತ್ರಕ್ಕಾಗಿ ಅವನೂ ಅವನ ಹೆಂಡತಿ ಮೇರಿಯೂ ಇಪ್ಪತ್ತು ವರ್ಷಕ್ಕೆ ಹತ್ತಿರ ದುಡಿದಿದ್ದರು. ಮೊದಮೊದಲು ಬಾಸ್ಟನ್ನಿನ ಬೀದಿಯ ಬೆಕ್ಕುಗಳನ್ನು ಹಿಡಿದು ತಂದು ಪ್ರಯೋಗ ನಡೆಸುತ್ತಿದ್ದರಂತೆ. ಆ ದಿನಗಳಲ್ಲಿ ಹೃದಯದ ಕೆಲಸಕ್ಕೆ ಎದೆಯನ್ನು ಪಕ್ಕದಿಂದಲೋ ಅಡ್ಡಲಾಗಿಯೋ ತೆರೆಯುವುದು ರೂಢಿಯಾಗಿತ್ತು. 1957ರಲ್ಲಿ ಷಿಕಾಗೋವಿನ ಆರ್ಮಂಡ್ ಜೂಲಿಯನ್ ಮತ್ತು ಸಂಗಡಿಗರು ಮಿಲ್ಟನ್ನನ ಮರೆತ ದಾರಿಯನ್ನು ಮತ್ತೆ ಎತ್ತಿ ಹಿಡಿದರು: ಬೇಗ ತೆರೆಯಬಹುದು, ಪುಪ್ಪುಸಕ್ಕೆ ತೊಂದರೆಯಿಲ್ಲ, ಗುಂಡಿಗೆ ಪೂರ್ತಿ ಕಣ್ಣಿಗೆ ಬೀಳುತ್ತದೆ. ಅಲ್ಲಿಂದ ಮುಂದೆ ಅದೇ ರಾಜಬೀದಿಯಾಯಿತು. ನಮ್ಮಣ್ಣನ ಎದೆಯ ಮೇಲಿದ್ದ ಗೆರೆ ಕೈರೋವಿನಿಂದ ಷಿಕಾಗೋ ಮಾರ್ಗವಾಗಿ ಬಂದದ್ದು.

ಈ ಬಾಗಿಲನ್ನು ನಾನು ದೂರುತ್ತಿಲ್ಲ. ಅದರಿಂದ ಬದುಕಿದವರು ಲಕ್ಷಗಟ್ಟಲೆ. ಅಣ್ಣನೇ ಆ ಬಾಗಿಲಿನ ದೆಸೆಯಿಂದ ಹದಿನೈದು ವರ್ಷ ಹೆಚ್ಚು ಬಾಳಿದರು. ಆದರೆ ಅದರ ಸುಂಕವನ್ನೂ ಹೇಳಬೇಕು. ಗರಗಸದಿಂದ ಸೀಳಿದ ಎಲುಬನ್ನು ಉಕ್ಕಿನ ತಂತಿಯಿಂದ ಬಿಗಿದು ಮುಚ್ಚುತ್ತಾರೆ. ಅದು ಕೂಡಿಕೊಳ್ಳಲು ಆರೆಂಟು ವಾರ. ಅಷ್ಟು ದಿನ ಭಾರವೆತ್ತುವಂತಿಲ್ಲ, ಕೆಮ್ಮಿದರೆ ಎದೆಗೆ ದಿಂಬು ಅವುಚಿಕೊಳ್ಳಬೇಕು. ಗಟ್ಟಿಮುಟ್ಟಾದವರಿಗೆ ಇದು ದಾಟಬಹುದಾದ ಹೊಳೆ. ಹೃದಯವೇ ಸೋತು ಹಾಸಿಗೆ ಹಿಡಿದವನಿಗೆ? ಪಂಪು ಯಾರಿಗೆ ಎಲ್ಲರಿಗಿಂತ ಹೆಚ್ಚು ಬೇಕೋ ಅವನೇ ಆ ಗಾಯವನ್ನು ಎಲ್ಲರಿಗಿಂತ ಕಡಿಮೆ ತಾಳಬಲ್ಲವನು. ಮುಂದಿನ ಅರ್ಧ ಶತಮಾನದ ಚರಿತ್ರೆಯೆಲ್ಲ ಈ ತೊಡಕಿನ ಸುತ್ತ ಸುತ್ತಿದೆ.

ಇನ್ನು ಪಂಪಿನ ಕಥೆ. ಗುಂಡಿಗೆಯ ಎಡಭಾಗದ ಕೆಳಗಿನ ಕೋಣೆಗೆ ಎಡ ಹೃತ್ಕುಕ್ಷಿ ಎಂದು ಹೆಸರು. ಮೈಗೆಲ್ಲ ರಕ್ತವನ್ನು ನೂಕುವುದು ಅದು: ನಿಮಿಷಕ್ಕೆ ಸುಮಾರು ಐದು ಲೀಟರು, ಹಗಲಿರುಳು. ಅದು ಸೋತರೆ ಅದರ ಕೆಲಸವನ್ನು ಯಂತ್ರದಿಂದ ಮಾಡಿಸಬೇಕೆಂದು ಹೊರಟವರು ಸಹಜವಾಗಿಯೇ ಗುಂಡಿಗೆಯನ್ನು ಅನುಕರಿಸಿದರು. ತುಂಬು, ನೂಕು, ತುಂಬು, ನೂಕು. ನಾನು ಚಿಕ್ಕವನಾಗಿದ್ದಾಗ ನಮ್ಮ ತೋಟದಲ್ಲಿ ಏತವಿತ್ತು. ಒಬ್ಬ ಆಳು ಏತದ ಮರದ ಮೇಲೆ ಹಿಂದಕ್ಕೂ ಮುಂದಕ್ಕೂ ನಡೆಯುತ್ತಿದ್ದ, ಪಾತ್ರೆ ಇಳಿದು ಮೊಗೆದು ಎದ್ದು ಸುರಿಯುತ್ತಿತ್ತು, ಮತ್ತೆ ಇಳಿಯುತ್ತಿತ್ತು. ಗುಂಡಿಗೆಯೂ ಒಂದು ಏತವೇ. ಮೊದಲ ಯಂತ್ರಗಳೂ ಏತಗಳೇ.

1963ರಲ್ಲಿ ಟೆಕ್ಸಸ್ಸಿನ ಹ್ಯೂಸ್ಟನ್ನಿನಲ್ಲಿ ಅರ್ಜೆಂಟೀನದ ಡೊಮಿಂಗೋ ಲಿಯೊಟ್ಟಾ ಮತ್ತು ಸ್ಟ್ಯಾನ್ಲಿ ಕ್ರಾಫರ್ಡ್ ಇಂಥ ಪಂಪನ್ನು ಮೊದಲ ಬಾರಿ ರೋಗಿಯೊಬ್ಬನ ಎದೆಯೊಳಗೆ ಇರಿಸಿದರು; ರೋಗಿ ನಾಲ್ಕು ದಿನ ಬದುಕಿದ. 1966ರ ಆಗಸ್ಟಿನಲ್ಲಿ ಅದೇ ಊರಿನ ಮೈಕೇಲ್ ಡಿಬೇಕಿ, ಕವಾಟದ ಶಸ್ತ್ರಕ್ರಿಯೆಯ ನಂತರ ಯಂತ್ರದಿಂದ ಬಿಡಿಸಲಾಗದೆ ಹೋದ ಮೆಕ್ಸಿಕೋ ದೇಶದ ಹೆಂಗಸೊಬ್ಬಳಿಗೆ ಪಂಪನ್ನು ಮೈಯ ಹೊರಗೆ ಜೋಡಿಸಿದ. ಹತ್ತು ದಿನದಲ್ಲಿ ಅವಳ ಸ್ವಂತ ಹೃದಯ ಚೇತರಿಸಿಕೊಂಡಿತು, ಪಂಪನ್ನು ತೆಗೆದರು, ಅವಳು ಮನೆಗೆ ಹೋದಳು. ಮುಂದೆ ಆರು ವರ್ಷಕ್ಕೆ ಅವಳು ಸತ್ತುದು ಮೋಟಾರು ಅಪಘಾತದಲ್ಲಿ. ಹೃದಯ ಅವಳಿಗೆ ಮೋಸ ಮಾಡಲಿಲ್ಲ.

ಇಡೀ ಹೃದಯವನ್ನೇ ತೆಗೆದು ಯಂತ್ರವಿಡುವ ಸಾಹಸವೂ ನಡೆಯಿತು. 1982ರ ಡಿಸೆಂಬರಿನಲ್ಲಿ ಅಮೆರಿಕದ ಯೂಟಾದಲ್ಲಿ ಬಾರ್ನಿ ಕ್ಲಾರ್ಕ್ ಎಂಬ ದಂತವೈದ್ಯರು ಇಂಥ ಹೃದಯದಿಂದ 112 ದಿನ ಬದುಕಿದ್ದರು, ಸುಮಾರು 180 ಕಿಲೋ ತೂಕದ ಗಾಳಿಯಂತ್ರವೊಂದಕ್ಕೆ ಕೊಳವೆಯಿಂದ ಕಟ್ಟುಬಿದ್ದು. ಪತ್ರಿಕೆಗಳಲ್ಲಿ ಬಂದ ಆ ಚಿತ್ರ ನನಗೆ ನೆನಪಿದೆ. ಬದುಕಿಸುವುದು ಎಂದರೆ ಏನು ಎಂದು ಆಗಲೇ ಒಂದು ಅಳುಕು ಹುಟ್ಟಿತ್ತು.

ಏತದ ದಾರಿ ಹಿಡಿದವರು ಕೊನೆಗೆ ಮುಟ್ಟಿದ ಎತ್ತರ 2001ರಲ್ಲಿ ಪ್ರಕಟವಾದ ಒಂದು ಪರೀಕ್ಷೆ. ಬದಲಿ ಹೃದಯಕ್ಕೆ ಅರ್ಹರಲ್ಲದ 129 ರೋಗಿಗಳಲ್ಲಿ ಚೀಟಿಯೆತ್ತಿದಂತೆ ಕೆಲವರಿಗೆ ಪಂಪು, ಕೆಲವರಿಗೆ ಔಷಧಿ ಮಾತ್ರ. ವರ್ಷ ತುಂಬಿದಾಗ ಪಂಪಿನವರಲ್ಲಿ ನೂರಕ್ಕೆ 52, ಔಷಧಿಯವರಲ್ಲಿ 25 ಮಂದಿ ಉಳಿದಿದ್ದರು. ಎರಡು ವರ್ಷಕ್ಕೆ 23 ಮತ್ತು 8. ಯಂತ್ರ ಗೆದ್ದಿತೆಂದೇ ಹೇಳಬೇಕು. ಆದರೆ ಅದು ಒಂದು ಕಿಲೋಗೂ ಮೀರಿದ ತೂಕ. ಎದೆಯಲ್ಲಿ ಹಿಡಿಸದೆ ಹೊಟ್ಟೆಯ ಗೋಡೆಯಲ್ಲಿ ಇಡಬೇಕು. ಕೊರಳಬುಡದಿಂದ ಹೊಕ್ಕುಳ ಹತ್ತಿರದವರೆಗೆ ಕೊಯ್ಯಬೇಕು. ಸತ್ತವರಲ್ಲಿ ಬಹಳ ಮಂದಿ ಸತ್ತುದು ಗಾಯಕ್ಕೆ ನಂಜೇರಿ, ಇಲ್ಲವೆ ಯಂತ್ರವೇ ಸವೆದು. ಏತವೆಂದ ಮೇಲೆ ಚೀಲ ಬೇಕು, ಕವಾಟ ಬೇಕು, ಚೀಲ ಹಿಗ್ಗಿ ಕುಗ್ಗಲು ಜಾಗ ಬೇಕು. ಅದು ಚಿಕ್ಕದಾಗಲೊಲ್ಲದು. ಪಂಪು ಚಿಕ್ಕದಾಗದೆ ಗಾಯ ಚಿಕ್ಕದಾಗದು.

ಇಲ್ಲಿ ನೈಲ್ ನದಿಯ ಎರಡನೆಯ ಸರದಿ. 1970ರ ದಶಕದಲ್ಲಿ ರಿಚರ್ಡ್ ವಾಂಪ್ಲರ್ ಎಂಬ ಅಮೆರಿಕದ ತರುಣ ವೈದ್ಯ ಸೇವೆಗೆಂದು ಈಜಿಪ್ಟಿನ ಹಳ್ಳಿಯೊಂದಕ್ಕೆ ಹೋಗಿದ್ದ. ಅಲ್ಲಿ ರೈತರು ಕಾಲುವೆಯಿಂದ ಹೊಲಕ್ಕೆ ನೀರೆತ್ತುವುದನ್ನು ನೋಡಿದ. ಓರೆಯಾಗಿಟ್ಟ ಮರದ ಕೊಳವೆ. ಅದರೊಳಗೆ ತಿರುಪಿನಂತೆ ಸುತ್ತಿಕೊಂಡ ಹಲಗೆ. ತುದಿಯ ಹಿಡಿಯನ್ನು ಕೈಯಿಂದ ತಿರುಗಿಸಿದರೆ ನೀರು ತಿರುಪಿನ ಮೇಲೇರಿ ಬಂದು ಸುರಿಯುತ್ತದೆ. ಗ್ರೀಕರ ಆರ್ಕಿಮಿಡೀಸನ ಹೆಸರಿನಲ್ಲಿ ನಡೆಯುವ, ಎರಡು ಸಾವಿರ ವರ್ಷಕ್ಕೂ ಹಳೆಯ ಯಂತ್ರ. ಇದಕ್ಕೆ ಮೊಗೆಯುವುದು, ಸುರಿಯುವುದು ಎಂಬ ಎರಡು ಹೊತ್ತುಗಳಿಲ್ಲ; ತಿರುಗುವಷ್ಟು ಕಾಲವೂ ನೀರು ಒಂದೇ ಸಮನೆ ಹರಿಯುತ್ತದೆ. ರಕ್ತವನ್ನೂ ಹೀಗೆ ಎತ್ತಬಾರದೇಕೆ ಎಂದು ಅವನಿಗೆ ಹೊಳೆಯಿತು.

ಬಲ್ಲವರು ನಕ್ಕರು. ಅವನು ಹೇಳಿದ ತಿರುಪು ನಿಮಿಷಕ್ಕೆ 25,000 ಸುತ್ತು ತಿರುಗಬೇಕು, ರಕ್ತಕಣಗಳು ನುಚ್ಚಾಗುವುದಿಲ್ಲವೆ? ಆಗಲಿಲ್ಲ. ಕಣಗಳು ಆ ಸುಳಿಯಲ್ಲಿ ಇರುವುದು ಕ್ಷಣದ ಅತ್ಯಲ್ಪ ಭಾಗ ಮಾತ್ರ. 1988ರ ಏಪ್ರಿಲಿನಲ್ಲಿ ಹ್ಯೂಸ್ಟನ್ನಿನ ಒ. ಎಚ್. ಫ್ರೇಜಿಯರ್ ಈ ‘ಹೀಮೋಪಂಪ’ನ್ನು ಮೊದಲ ಬಾರಿ ರೋಗಿಗೆ ಇಟ್ಟರು. ಎಲ್ಲಿಂದ? ತೊಡೆಸಂದಿನ ಧಮನಿಯಿಂದ! ಪೆನ್ಸಿಲಿನ ಗಾತ್ರದ ಪಂಪನ್ನು ಧಮನಿಯೊಳಗೇ ಮೇಲಕ್ಕೆ ನೂಕಿ, ಗುಂಡಿಗೆಯೊಳಗೆ ಅದರ ಮೂತಿಯನ್ನಿರಿಸಿದರು. ಎದೆಗೆ ಕತ್ತಿ ತಾಗಲಿಲ್ಲ. ಆ ರೋಗಿ ಬದಲಿ ಹೃದಯ ಪಡೆದಿದ್ದವನು. ದೇಹ ಅದನ್ನು ತಿರಸ್ಕರಿಸುತ್ತಿತ್ತು. ಪಂಪಿನ ಆಸರೆಯಲ್ಲಿ ಆ ಕಂಟಕ ಕಳೆಯಿತು. ಎದೆ ಸೀಳುವ ವಿದ್ಯೆಯೂ ಸೀಳದೆ ಕೆಲಸ ಸಾಧಿಸುವ ವಿದ್ಯೆಯೂ ಒಂದೇ ನದಿಯ ದಂಡೆಯಲ್ಲಿ ಮೊಳೆತವೆಂಬುದು ಬರಿಯ ಕಾಕತಾಳೀಯವಿರಬಹುದು. ಚರಿತ್ರೆಯವರಿಗೆ ಇಂಥದನ್ನು ಕಂಡರೆ ಸ್ವಲ್ಪ ಆಸೆ; ಓದುಗರು ಕ್ಷಮಿಸಬೇಕು.

ಹೀಮೋಪಂಪು ಕೆಲವು ದಿನಗಳ ಆಸರೆಗೆ ಮಾತ್ರ ಆಗುತ್ತಿತ್ತು. ಅಮೆರಿಕದಲ್ಲಿ ಅದಕ್ಕೆ ಮಾರಾಟದ ಅನುಮತಿಯೂ ದೊರೆಯಲಿಲ್ಲ. ಆದರೆ ರಕ್ತವನ್ನು ಮಿಡಿತವಿಲ್ಲದೆ ಹರಿಸಬಹುದೆಂಬ ಗುಟ್ಟು ಹೊರಬಿದ್ದಿತ್ತು. ಅಮೆರಿಕದ ಬಾಹ್ಯಾಕಾಶ ಸಂಸ್ಥೆಯ ಇಂಜಿನಿಯರೊಬ್ಬರು, ಡೇವಿಡ್ ಸಾಸಿಯರ್, 1984ರಲ್ಲಿ ಡಿಬೇಕಿಯ ಕೈಯಿಂದ ಬದಲಿ ಹೃದಯ ಪಡೆದರು. ಆ ಪರಿಚಯದಿಂದ ಬೆಳೆದ ಇನ್ನೊಂದು ತಿರುಗುವ ಪಂಪನ್ನು 1998ರ ನವೆಂಬರಿನಲ್ಲಿ ಯೂರೋಪಿನಲ್ಲಿ ಮೊದಲು ಅಳವಡಿಸಿದರು.

ನನ್ನನ್ನು ತಡೆದು ನಿಲ್ಲಿಸಿದುದು ಮಾತ್ರ 2000ದ ಜೂನ್ ತಿಂಗಳು, ಇಂಗ್ಲೆಂಡಿನ ಆಕ್ಸ್‌ಫರ್ಡು. ಪೀಟರ್ ಹಾಟನ್ ಎಂಬುವರು ಸಾಯುತ್ತಿದ್ದವರಿಗೆ ಸಾಂತ್ವನ ಹೇಳುವುದನ್ನೇ ವೃತ್ತಿ ಮಾಡಿಕೊಂಡಿದ್ದವರು. ಈಗ ತಾವೇ ಆ ಸಾಲಿಗೆ ಬಂದಿದ್ದರು. ಬದಲಿ ಹೃದಯಕ್ಕೆ ಅವರ ದೇಹ ತಕ್ಕುದಲ್ಲವೆಂದು ತೀರ್ಮಾನವಾಗಿತ್ತು. ಸ್ಟೀಫನ್ ವೆಸ್ಟಬಿ ಎಂಬ ಶಸ್ತ್ರವೈದ್ಯರು ಅವರಿಗೆ ಹೆಬ್ಬೆರಳ ಗಾತ್ರದ, ನೂರು ಗ್ರಾಮೂ ತೂಗದ ಪಂಪನ್ನು, ಎದೆಯೆಲುಬನ್ನು ಮುಟ್ಟದೆ, ಎಡ ಪಕ್ಕೆಲುಬುಗಳ ಸಂದಿಯಿಂದ ಗುಂಡಿಗೆಯೊಳಗೆ ಕೂರಿಸಿದರು. ಪಂಪಿನ ಕೊಳವೆಯನ್ನು ಬೆನ್ನೆಲುಬಿನ ಪಕ್ಕದಲ್ಲಿ ಇಳಿದುಹೋಗುವ ಮಹಾಧಮನಿಗೆ ಸೇರಿಸಿದರು. ವಿದ್ಯುತ್ ತಂತಿಯನ್ನು ಕಿವಿಯ ಹಿಂದೆ ತಲೆಬುರುಡೆಗೆ ತಿರುಪು ಹಾಕಿ ನಿಲ್ಲಿಸಿದ ಗೂಟದಿಂದ ಹೊರಡಿಸಿದರು. ಬದಲಿ ಹೃದಯ ಬರುವವರೆಗೆ ಎಂದಲ್ಲ, ಬದುಕಿರುವವರೆಗೆ ಎಂದು ಇಂಥ ಪಂಪು ಪಡೆದವರಲ್ಲಿ ಅವರು ಮೊದಲಿಗರು. ಏಳು ವರ್ಷಕ್ಕೂ ಮೀರಿ ಬಾಳಿದರು; ಧರ್ಮಕಾರ್ಯಕ್ಕೆ ಹಣ ಕೂಡಿಸಲು ಮೈಲಿಗಟ್ಟಲೆ ನಡೆದರು; 2007ರಲ್ಲಿ ತೀರಿಕೊಂಡರು.

ಅವರ ಮಣಿಕಟ್ಟು ಹಿಡಿದರೆ ನಾಡಿ ಸಿಕ್ಕುತ್ತಿರಲಿಲ್ಲ. ನಮ್ಮ ಪಂಡಿತರು ವಾತ ಪಿತ್ತ ಕಫ ಮೂರನ್ನೂ ಬೆರಳತುದಿಯಲ್ಲಿ ಓದುತ್ತಿದ್ದ ನಾಡಿ! ಹಾಟನ್ನರು ಅದಿಲ್ಲದೆಯೇ ಅಂಗಡಿಗೆ ಹೋಗಿ ಬರುತ್ತಿದ್ದರು. ತನ್ನ ಭಾವನೆಗಳು ಮೊದಲಿನಂತಿಲ್ಲ, ಸ್ವಲ್ಪ ತಣ್ಣಗಾಗಿವೆ ಎಂದು ಅವರೇ ಪತ್ರಿಕೆಯವರಿಗೆ ಹೇಳಿದ್ದುಂಟು. ಅದು ಪಂಪಿನ ಫಲವೋ, ಸಾವಿನ ಬಾಗಿಲಿನಿಂದ ಹಿಂದಿರುಗಿದವನ ಸಹಜ ಸ್ಥಿತಿಯೋ ಯಾರು ಹೇಳಬೇಕು?

ಲೆಕ್ಕ ಹಾಕಿ ನೋಡಿದೆ. ಅಣ್ಣ “ಎರಡನೆಯ ಸಲ ಬೇಡ” ಎಂದಾಗ, ಎದೆಯೆಲುಬನ್ನು ಮುಟ್ಟದ ಪಕ್ಕದ ಬಾಗಿಲು ಆಕ್ಸ್‌ಫರ್ಡಿನಲ್ಲಿ ತೆರೆದು ಹನ್ನೊಂದು ವರ್ಷವಾಗಿತ್ತು.

ಆ ಬಾಗಿಲು ಒಂದೆರಡು ಕುಶಲಿಗಳ ಸಾಹಸವಾಗಿ ಉಳಿಯದೆ ಪದ್ಧತಿಯಾದುದು ಇನ್ನಷ್ಟು ತಡವಾಗಿ. 2006ರಲ್ಲಿ ವಿಯೆನ್ನಾದಲ್ಲಿ ಮೊದಲು ಅಳವಡಿಸಿದ ಹಾರ್ಟ್‌ವೇರ್ ಪಂಪು ತಿರುಪಿನದಲ್ಲ; ನಮ್ಮ ಬಾವಿಯ ಕರೆಂಟು ಪಂಪಿನಂತೆ ಚಕ್ರ ತಿರುಗಿಸಿ ರಕ್ತವನ್ನು ಅಂಚಿಗೆ ಎರಚುವಂಥದು. ನಮ್ಮ ತೋಟದಲ್ಲಿಯೂ ಏತ ಹೋಗಿ ಪಂಪ್‌ಸೆಟ್ಟೇ ಬಂದಿತಲ್ಲ! ಅದು ಗುಂಡಿಗೆಯ ಸುತ್ತಣ ಪೊರೆಯೊಳಗೇ ಹಿಡಿಸುತ್ತಿತ್ತು; ಹೊಟ್ಟೆಯಲ್ಲಿ ಗುಳಿ ತೋಡುವ ಕೆಲಸ ತಪ್ಪಿತು. 2012ರ ಸುಮಾರಿಗೆ ಜರ್ಮನಿಯ ಹ್ಯಾನೋವರ್ ವೈದ್ಯಕೀಯ ವಿದ್ಯಾಲಯದ ಯಾನ್ ಷ್ಮಿಟ್ಟೋ ಮತ್ತು ಸಂಗಡಿಗರು ಅದನ್ನು ಎರಡು ಕಿಟಕಿಗಳಿಂದ ಇಡುವ ಕ್ರಮವನ್ನು ಬರೆದು ಪ್ರಕಟಿಸಿದರು.

ಕ್ರಮ ಹೀಗೆ. ಎಡಮೊಲೆಯ ಕೆಳಗೆ ಪಕ್ಕೆಲುಬುಗಳ ನಡುವೆ ಒಂದು ಚಿಕ್ಕ ಕೊಯ್ತ. ಎದೆಯ ಗೋಡೆಗೆ ಗುಂಡಿಗೆಯ ತುದಿ ತಾಗುವುದು ಅಲ್ಲಿಯೇ; ನಮ್ಮ ಕೈಯಿಟ್ಟರೆ ಮಿಡಿತ ತಿಳಿಯುವ ಜಾಗ. ಅಲ್ಲಿ ಪಂಪು. ಇನ್ನೊಂದು ಕೊಯ್ತ ಎದೆಯ ಮೇಲ್ಭಾಗದಲ್ಲಿ. ಎದೆಯೆಲುಬಿನ ಮೇಲಿನ ತುಂಡನ್ನಷ್ಟೆ ಬಿಡಿಸಿ, ಕೊಳವೆಯ ಕೊನೆಯನ್ನು ಮಹಾಧಮನಿಗೆ ಹೊಲಿಯಬೇಕು. ಕೊಳವೆಯನ್ನು ಒಂದು ಕಿಟಕಿಯಿಂದ ಮತ್ತೊಂದಕ್ಕೆ ಪೊರೆಯೊಳಗೇ ದಾಟಿಸುತ್ತಾರೆ. ಕಣ್ಣಿಗೆ ಕಾಣದುದನ್ನು ಅನ್ನನಾಳದೊಳಗೆ ಇಳಿಬಿಟ್ಟ ಧ್ವನಿತರಂಗದ ಉಪಕರಣ ಪರದೆಯ ಮೇಲೆ ತೋರಿಸುತ್ತದೆ. ವೈದ್ಯ ಗುಂಡಿಗೆಯ ತುದಿಯನ್ನು ಬೆರಳಿಂದ ಅದುಮಿ, ಪರದೆಯಲ್ಲಿ ಆ ಅದುಮು ಎಲ್ಲಿ ಬಿತ್ತೆಂದು ನೋಡಿ ಜಾಗ ಗೊತ್ತುಮಾಡುತ್ತಾನೆ.

ಲಾಭ ಗಾಯದ ಉದ್ದ ಕಡಿಮೆಯಾದುದಷ್ಟೆ ಅಲ್ಲ. ಪಂಪು ಎಡಭಾಗಕ್ಕೆ ನೆರವಾಗುತ್ತದೆ; ಬಲಭಾಗ ತನ್ನ ಕೆಲಸವನ್ನು ತಾನೇ ಮಾಡಿಕೊಳ್ಳಬೇಕು, ಅದೂ ಮೊದಲಿಗಿಂತ ಹೆಚ್ಚು ರಕ್ತ ಬಂದು ಬೀಳುವಾಗ. ಎದೆಯನ್ನು ಪೂರ್ತಿ ತೆರೆದರೆ ಬಲಭಾಗವನ್ನು ಅವುಚಿಕೊಂಡಿದ್ದ ಪೊರೆಯೂ ತೆರೆದು, ಅದು ಹಿಗ್ಗಿ ಸೋಲುವುದುಂಟು. ಕಿಟಕಿಯ ಕ್ರಮದಲ್ಲಿ ಆ ಪೊರೆ ಬಹುಮಟ್ಟಿಗೆ ಮುಚ್ಚಿಯೇ ಇರುತ್ತದೆ. ಮುಂದೆ ಬದಲಿ ಹೃದಯ ಇಡುವ ದಿನ ಬಂದರೆ ಎದೆಯೆಲುಬು ಬಹುಪಾಲು ಮುಟ್ಟದೆ ಉಳಿದಿರುತ್ತದೆ. ಹಿಂದೆ ಒಮ್ಮೆ ಸೀಳಿಸಿಕೊಂಡವರಿಗೆ, ಎಂದರೆ ನಮ್ಮಣ್ಣನಂಥವರಿಗೆ, ಅಂಟಿಕೊಂಡ ಜಾಗವನ್ನು ಕೆದಕದೆ ಪಕ್ಕದಿಂದಲೇ ಹೋಗುವ ಬಗೆಗಳೂ ಉಂಟು.

ಅಮೆರಿಕ ಮತ್ತು ಕೆನಡಾಗಳಲ್ಲಿ 144 ರೋಗಿಗಳ ಮೇಲೆ ಈ ಕ್ರಮವನ್ನು ಪರೀಕ್ಷಿಸಿದರು. ಹಿಂದಿನ ಅನುಭವದಿಂದ ಗೊತ್ತುಮಾಡಿಕೊಂಡಿದ್ದ 26 ದಿನಗಳ ಆಸ್ಪತ್ರೆವಾಸಕ್ಕೆ ಬದಲಾಗಿ ಸರಾಸರಿ 18 ದಿನದಲ್ಲಿ ರೋಗಿಗಳು ಹೊರಬಿದ್ದರು. 2018ರಲ್ಲಿ ಅಮೆರಿಕ ಸರ್ಕಾರದ ಒಪ್ಪಿಗೆ ದೊರೆಯಿತು. ಚರಿತ್ರೆಯವನ ಸಂಶಯವನ್ನು ಇಲ್ಲಿ ಹೇಳಿಬಿಡುತ್ತೇನೆ: ಇದು 2001ರ ಪರೀಕ್ಷೆಯಂತೆ ಚೀಟಿಯೆತ್ತಿ ಎರಡು ಗುಂಪು ಮಾಡಿದುದಲ್ಲ. ನುರಿತ ಕೈಗಳು ಮಾಡಿದುದನ್ನು ಹಳೆಯ ಲೆಕ್ಕದೊಡನೆ ಹೋಲಿಸಿದುದು. ಹಾಗೆಂದು ತಳ್ಳಿಹಾಕುವಂತೆಯೂ ಇಲ್ಲ.

ಇದಕ್ಕಿಂತ ದೊಡ್ಡ ಪೆಟ್ಟು ಬೇರೆ ಕಡೆಯಿಂದ ಬಂತು. ಚಿಕ್ಕ ಗಾಯಕ್ಕೆ ದಾರಿ ಮಾಡಿದ ಆ ಪಂಪೇ 2021ರ ಜೂನಿನಲ್ಲಿ ಮಾರುಕಟ್ಟೆಯಿಂದ ಹೋಯಿತು. ಬೇರೆ ಪಂಪಿನವರಿಗಿಂತ ಅದರವರಲ್ಲಿ ಪಾರ್ಶ್ವವಾಯುವಿನಂಥ ಮಿದುಳಿನ ತೊಂದರೆಗಳೂ ಸಾವುಗಳೂ ಹೆಚ್ಚೆಂದು ಕಂಡಿತ್ತು. ನಿಂತರೆ ಕೆಲವು ಪಂಪುಗಳು ಮತ್ತೆ ಹೊರಡುತ್ತಿರಲಿಲ್ಲ. ತಯಾರಕರೇ ಮಾರಾಟ ನಿಲ್ಲಿಸಿದರು. ಆಗ ಲೋಕದಲ್ಲಿ ಸುಮಾರು 4,000 ಮಂದಿ ಅದನ್ನು ಎದೆಯಲ್ಲಿಟ್ಟುಕೊಂಡು ಓಡಾಡುತ್ತಿದ್ದರು. ಆ ದಿನ ಅವರು ಪತ್ರಿಕೆ ಓದಿ ಏನೆಂದುಕೊಂಡರೋ! ಬಾಗಿಲು ಎಷ್ಟೇ ಚಿಕ್ಕದಾಗಲಿ, ಒಳಗೆ ಬಂದು ಕುಳಿತವನು ಒಳ್ಳೆಯವನಾಗಿರಬೇಕು.

ಕ್ರಮ ಮಾತ್ರ ಉಳಿಯಿತು. ಹ್ಯಾನೋವರಿನಲ್ಲಿಯೇ 2014ರ ಜೂನಿನಲ್ಲಿ ಮೊದಲು ಅಳವಡಿಸಿದ ‘ಹಾರ್ಟ್‌ಮೇಟ್ 3’ ಸುಮಾರು 200 ಗ್ರಾಂ ತೂಕದ್ದು. ಅದರ ಚಕ್ರ ಯಾವ ಅಚ್ಚಿಗೂ ತಾಗದೆ ಕಾಂತಶಕ್ತಿಯಲ್ಲಿ ತೇಲುತ್ತ ತಿರುಗುತ್ತದೆ. ಸವೆಯುವ ಭಾಗವೇ ಇಲ್ಲ. ಅದನ್ನು ಪಕ್ಕದ ಕಿಟಕಿಯಿಂದ ಇಡಲು 2020ರಲ್ಲಿ ಅಮೆರಿಕದಲ್ಲಿ ಒಪ್ಪಿಗೆಯಾಯಿತು. ಈ ಪಂಪಿನವರಲ್ಲಿ ಐದು ವರ್ಷ ಕಳೆದಾಗ ನೂರಕ್ಕೆ 58 ಮಂದಿ ಬದುಕಿದ್ದರೆಂದು 2022ರಲ್ಲಿ ಪ್ರಕಟವಾಯಿತು. ಎರಡು ವರ್ಷಕ್ಕೆ 23 ಎಂಬ ಹಳೆಯ ಅಂಕಿಯ ಪಕ್ಕದಲ್ಲಿ ಇದನ್ನಿಟ್ಟು ನೋಡಬೇಕು. ವಾಂಪ್ಲರನ ತಿರುಪಿಗೂ ಸಂತಾನವುಂಟು. ಜರ್ಮನಿಯ ಆಖೆನ್ನಿನಲ್ಲಿ ಹುಟ್ಟಿದ ಇಂಪೆಲ್ಲಾ ಪಂಪು ಧಮನಿಯೊಳಗಿಂದಲೇ ಗುಂಡಿಗೆಗೆ ಹೋಗುತ್ತದೆ. ಹೃದಯಾಘಾತದಿಂದ ರಕ್ತದೊತ್ತಡ ಕುಸಿದ ಕೆಲವು ಬಗೆಯ ರೋಗಿಗಳಲ್ಲಿ ಅದು ಸಾವನ್ನು ಕಡಿಮೆ ಮಾಡುತ್ತದೆಂದು 2024ರಲ್ಲಿ ಡೆನ್ಮಾರ್ಕಿನವರ ಮುಂದಾಳುತನದ ಪರೀಕ್ಷೆ ತೋರಿಸಿತು: ಆರು ತಿಂಗಳಲ್ಲಿ ನೂರಕ್ಕೆ 58ರ ಬದಲು 46. ಅದೂ ತಾತ್ಕಾಲಿಕ ಆಸರೆಯೇ.

ಒಂದು ಗಾಯ ಇನ್ನೂ ಮುಚ್ಚಿಲ್ಲ. ಪಂಪಿಗೆ ವಿದ್ಯುತ್ತು ಬೇಕು, ಹೊಟ್ಟೆಯ ಚರ್ಮವನ್ನು ತೂರಿ ಒಂದು ತಂತಿ ಹೊರಬರುತ್ತದೆ, ಸೊಂಟದಲ್ಲಿ ಬ್ಯಾಟರಿ. ಆ ತೂತಿನಿಂದ ನಂಜು ಏರಬಹುದು. ಹೊಳೆಯಲ್ಲಿ ಮುಳುಗುವಂತಿಲ್ಲ. ಚರ್ಮದ ಮೂಲಕವೇ, ತಂತಿಯಿಲ್ಲದೆ, ಶಕ್ತಿ ದಾಟಿಸುವ ಪಂಪನ್ನು 1999ರಲ್ಲಿಯೇ ಜರ್ಮನಿಯಲ್ಲಿ ಇಟ್ಟು ನೋಡಿದ್ದರು. ಅದು ಹಳೆಯ ಏತದ ಜಾತಿಯದು, ದೊಡ್ಡದು, ನಿಲ್ಲಲಿಲ್ಲ. 2019ರಲ್ಲಿ ಕಜಾಕಸ್ತಾನದಿಂದ ಇಬ್ಬರು ರೋಗಿಗಳ ವರದಿ ಬಂತು. ಆಕ್ಸ್‌ಫರ್ಡಿನ ಹಾಟನ್ನರಿಗೆ ಇಟ್ಟಂಥ ಚಿಕ್ಕ ಪಂಪಿಗೆ ಎದೆಯ ಸುತ್ತ ಕಟ್ಟಿದ ಪಟ್ಟಿಯಿಂದ ಶಕ್ತಿ ದಾಟಿಸಿ, ದಿನದ ಕೆಲವು ಗಂಟೆ ಅವರನ್ನು ತಂತಿಯಿಂದ ಬಿಡಿಸಿದ್ದರು. ಜೋಪಾನಕ್ಕೆಂದು ತಂತಿಯನ್ನೂ ಉಳಿಸಿಕೊಂಡಿದ್ದರು.

ಅಣ್ಣನ ಎಕ್ಸ್‌ರೇ ಹಾಳೆಯೊಂದು ನನ್ನ ಬೀರುವಿನಲ್ಲಿದೆ. ಹೋದ ತಿಂಗಳು ಅತ್ತಿಗೆ ಬಂದಿದ್ದಾಗ ಕಾಗದಗಳ ನಡುವೆ ಅದು ಕೈಗೆ ಸಿಕ್ಕಿತು. ಅವರು ಅದನ್ನು ಕಿಟಕಿಯ ಬೆಳಕಿಗೆ ಹಿಡಿದು, ಎದೆಯ ನಡುವೆ ಒಂದರ ಕೆಳಗೊಂದು ಹೊಳೆಯುವ ತಂತಿಯ ಗಂಟುಗಳನ್ನು ಬೆರಳಿನಿಂದ ಎಣಿಸಿದರು. ಆರು ಇದ್ದುವು. “ಸುಟ್ಟಾಗ ಇವು ಏನಾದವೋ” ಎಂದು, ಹಾಳೆಯನ್ನು ಮಡಿಸದೆ ಮತ್ತೆ ಲಕೋಟೆಯಲ್ಲಿಟ್ಟರು.